ಸೋಕಿದ್ದು ಯಾವಾಗ?

2020ರ ಮಾರ್ಚ್ 19ರಂದು ಕೊಡಗಿನ ಮೊದಲ ಕೋವಿಡ್ ಪ್ರಕರಣ ದಾಖಲಾಯಿತು. ಕೊಲ್ಲಿ ನಾಡಿನಿಂದ ಊರಿಗೆ ಮರಳಿದ್ದವರೊಬ್ಬರ ಗಂಟಲ ದ್ರವದ ವರದಿ ಅದು. ಆಮೇಲೆ ಸುಮಾರು ಎರಡು ವರ್ಷ ಕನ್ನಡ ಪತ್ರಿಕೆಗಳಲ್ಲಿ ಒಂದು ತಲೆಬರಹ ಬಿಡುವಿಲ್ಲದೆ ಅಚ್ಚಾಯಿತು: ‘ಸೋಂಕು ದೃಢ’. ಊರು ಬದಲಾಗುತ್ತಿತ್ತು, ಸಂಖ್ಯೆ ಬದಲಾಗುತ್ತಿತ್ತು, ಈ ಎರಡು ಪದ ಮಾತ್ರ ಕದಲಲಿಲ್ಲ. ‘ದೃಢ’ ಸಂಸ್ಕೃತದಿಂದ ಬಂದದ್ದು. ಬಿಗಿಯಾದದ್ದು, ಅಲುಗದ್ದು ಎಂದು ಅರ್ಥ. ‘ಸೋಂಕು’ ಅಪ್ಪಟ ದೇಸಿ ಪದ. ಅದರ ಹುಟ್ಟುಗುಣವೇ ಬೇರೆ: ಸೋಂಕುವುದೆಂದರೆ ಒಂದು ಗಳಿಗೆಯಲ್ಲಿ ಆಗಿ ಮುಗಿಯುವುದು. ಗಳಿಗೆಯ ಪದವನ್ನು ಅಲುಗದ ಪದದ ಪಕ್ಕ ಕೂರಿಸಿದ ಮೇಲೆ ‘ಯಾವಾಗ’ ಎಂಬ ಪ್ರಶ್ನೆ ತಲೆಬರಹದಿಂದ ಉದುರಿಹೋಯಿತು. ಆರ್‌ಟಿಪಿಸಿಆರ್, ರ್‍ಯಾಪಿಡ್ ಆ್ಯಂಟಿಜೆನ್, ಆ್ಯಂಟಿಬಾಡಿ ಎಂಬ ಮೂರು ಪರೀಕ್ಷೆಗಳ ಸರಿ-ತಪ್ಪೆಲ್ಲ ನಿಂತಿರುವುದು ಮಾತ್ರ ಅದೇ ‘ಯಾವಾಗ’ದ ಮೇಲೆ. ಪದದ ಹಳೆಯ ದಾರಿಯಲ್ಲಿ ಹಿಂದಕ್ಕೆ ನಡೆದರೆ ಆ ಪ್ರಶ್ನೆ ಎಲ್ಲಿ ಕಳೆದುಹೋಯಿತೆಂದು ಗೊತ್ತಾಗುತ್ತದೆ.

ಗಾಳಿ ಮುಟ್ಟಿದ ಸುಖ

ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದದ್ದು ಕ್ರಿ.ಶ. 941ರ ಸುಮಾರಿಗೆ. ಅದರಲ್ಲಿ ಬನವಾಸಿಯನ್ನು ನೆನೆಯುವ ಪದ್ಯವನ್ನು ಶಾಲೆಯಲ್ಲಿ ಬಾಯಿಪಾಠ ಮಾಡದ ಕನ್ನಡಿಗರು ಕಡಿಮೆ. ಏನೇನು ಆದಾಗ ಬನವಾಸಿ ನೆನಪಾಗುತ್ತದೆ ಎಂದು ಕವಿ ಪಟ್ಟಿ ಮಾಡುತ್ತಾನೆ. ಒಳ್ಳೆಯ ಮಾತು ಕೇಳಿದಾಗ, ಇಂಪಾದ ಹಾಡು ಕಿವಿಗೆ ಬಿದ್ದಾಗ, ಹೀಗೆ. ಪಟ್ಟಿಯ ಮೊದಲನೆಯದೇ ದಕ್ಷಿಣದ ಗಾಳಿ ಮೈ ಮುಟ್ಟುವುದು. ಆ ಮುಟ್ಟುವಿಕೆಗೆ ಪಂಪ ಆರಿಸಿಕೊಂಡ ಕ್ರಿಯಾಪದ ಸೋಂಕು. ರೋಗದ ನೆರಳೂ ಅಲ್ಲಿಲ್ಲ. ಇರುವುದು ಮೈ ಜುಮ್ಮೆನ್ನುವ ಸುಖ, ಜತೆಗೆ ಊರಿನ ಹಂಬಲ. ಗಾಳಿ ಸೋಂಕಿದಾಗ ಏನಾಗುತ್ತದೆ ಎಂಬುದು ಮುಖ್ಯ. ಸೋಂಕು ಅಲ್ಲಿ ಒಂದು ಘಟನೆ, ಅದಕ್ಕೊಂದು ಹೊತ್ತು ಇದೆ.

ವಚನಕಾರರ ಕಾಲಕ್ಕೆ ಪದ ಇನ್ನೊಂದು ಮೆಟ್ಟಿಲು ಹತ್ತಿತು. ಲಿಂಗದ ಸೋಂಕು, ಶರಣರ ಸೋಂಕು ಎಂದರೆ ಪಾವನವಾಗುವ ದಾರಿ. ಪರುಷ ಸೋಂಕಿದ ಕಬ್ಬಿಣ ಹೊನ್ನಾಗುವ ಹೋಲಿಕೆ ಆ ಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಅಂದರೆ ಒಳ್ಳೆಯದೂ ಸೋಂಕುತ್ತಿತ್ತು; ಒಳ್ಳೆಯದು ಸೋಂಕಿದರೆ ಮನುಷ್ಯ ಬದಲಾಗುತ್ತಿದ್ದ. ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು, ದಾಟಿದ ಮೇಲೆ ಒಳಗೆ ಏನೋ ಮಾರ್ಪಡುವುದು, ಈ ಎರಡು ಎಳೆಗಳೂ ರೋಗಾಣುಗಳ ಸುದ್ದಿ ತಿಳಿಯುವ ಎಷ್ಟೋ ಶತಮಾನ ಮೊದಲೇ ಪದದೊಳಗೆ ನೇಯ್ದುಕೊಂಡಿದ್ದವು.

ಇದೇ ಪದಕ್ಕೆ ಕತ್ತಲಿನ ಮುಖವೂ ಇತ್ತು. ಮಗು ಸಂಜೆ ಹೊತ್ತು ಕಾರಣವಿಲ್ಲದೆ ಕಿರುಚಿದರೆ ‘ಗಾಳಿ ಸೋಕಿದೆ’ ಎನ್ನುತ್ತಿದ್ದರು ಅಜ್ಜಿಯರು. ಪಂಪನ ಗಾಳಿಯೇ ಇಲ್ಲಿ ದೆವ್ವದ ಗಾಳಿ. ತೆಲುಗಿನಲ್ಲಿ ‘ಸೋಕು’ ಎಂಬ ಒಡಹುಟ್ಟು ಪದ ಮುಟ್ಟುವುದನ್ನೂ ರೋಗ ತಗಲುವುದನ್ನೂ ಹೇಳುತ್ತದೆ. ಕಣ್ಣಿಗೆ ಕಾಣದ್ದು ಯಾವುದೋ ಹೊರಗಿನಿಂದ ಬಂದು ಮೈಯನ್ನು ಹಿಡಿಯುತ್ತದೆ ಎಂಬ ಅನುಭವಕ್ಕೆ ನಮ್ಮ ಭಾಷೆಗಳು ಹುಡುಕಿಕೊಂಡ ಹೆಸರು ಇದು. ವೈರಸ್‌ನ ವಿವರಣೆಯೂ ಇದಕ್ಕಿಂತ ಬಹಳ ದೂರವಿಲ್ಲ. ದೆವ್ವದ ಸೋಂಕಿಗೂ ಆಗ ಒಂದು ತಪಾಸಣೆ ಇತ್ತು. ಕಣಿ ಹೇಳುವವರು, ನಿಂಬೆಹಣ್ಣು ಇಳಿಸುವವರು ಮೊದಲು ಕೇಳುತ್ತಿದ್ದುದೂ ಅದನ್ನೇ: ಯಾವತ್ತು, ಯಾವ ಹೊತ್ತಿನಲ್ಲಿ, ಯಾವ ದಾರಿಯಲ್ಲಿ ಬರುವಾಗ?

ಮಡಿವಂತರ ಮನೆಯಲ್ಲಿ ಪದಕ್ಕೆ ಬೇರೆ ಕೆಲಸ. ‘ಮಡಿಯಲ್ಲಿದ್ದೇನೆ, ಸೋಕಬೇಡ’ ಎಂಬ ಮಾತಿನಲ್ಲಿ ಸೋಕುವುದು ಮೈಲಿಗೆಯ ವಾಹನ. ಸೋಕುವ ಭಯದ ಮೇಲೆ ಒಂದು ಸಮಾಜ ಜನರನ್ನು ದೂರ ನಿಲ್ಲಿಸಿತು. 2020ರಲ್ಲಿ ‘ಅಂತರ ಕಾಪಾಡಿ’ ಎಂಬ ಫಲಕ ಕಂಡಾಗ ಕೆಲವರಿಗೆ ಬೇರೆಯದೇ ನೆನಪಾದದ್ದು ಈ ಕಾರಣಕ್ಕೆ.

ಒಂದು ಸೊನ್ನೆಯ ಕಥೆ

ಕನ್ನಡ ಪದಗಳ ದೊಡ್ಡ ಖಜಾನೆ ಕಟ್ಟಿದ ಫರ್ಡಿನಾಂಡ್ ಕಿಟೆಲ್ ಮಂಗಳೂರು, ಧಾರವಾಡಗಳ ಜತೆಗೆ ಮಡಿಕೇರಿಯಲ್ಲೂ ಕೆಲಕಾಲ ನೆಲೆಸಿದ್ದವರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಸೋಂಕು ಅಲ್ಲಿ ಮೊದಲಿಗೆ ತಾಕು, ಮುಟ್ಟು ಎಂಬ ಕ್ರಿಯೆ. ಇಂದು ಶಾಲೆಯ ಮಗುವನ್ನು ಕೇಳಿ ನೋಡಿ: ಸೋಂಕು ಎಂದರೆ ಕಾಯಿಲೆ ಎನ್ನುತ್ತದೆ, ಮುಟ್ಟುವುದು ಎನ್ನುವುದಿಲ್ಲ.

ಈ ನಡುವೆ ಪದ ಸದ್ದಿಲ್ಲದೆ ಎರಡಾಗಿ ಸೀಳಿತು. ಕ್ರಿಯಾಪದ ಆಡುಮಾತಿನಲ್ಲಿ ತನ್ನ ಸೊನ್ನೆಯನ್ನು ಕಳೆದುಕೊಂಡು ‘ಸೋಕು’ ಆಯಿತು. ನಾಮಪದ ಸೊನ್ನೆ ಉಳಿಸಿಕೊಂಡು ‘ಸೋಂಕು’ ಆಗಿ ಆಸ್ಪತ್ರೆ ಸೇರಿತು. ಸೆರಗು ಸೋಕುತ್ತದೆ, ಬಿಸಿಲು ಸೋಕುತ್ತದೆ. ರೋಗ ಮಾತ್ರ ಸೋಕುವುದನ್ನು ನಿಲ್ಲಿಸಿ ‘ಸೋಂಕು’ ಎಂಬ ವಸ್ತುವಾಯಿತು: ಹರಡುತ್ತದೆ, ಏರುತ್ತದೆ, ಇಳಿಯುತ್ತದೆ, ಪತ್ತೆಯಾಗುತ್ತದೆ. ಮೂಲಾರ್ಥ ಎಷ್ಟು ಮರೆತುಹೋಗಿದೆ ಎಂದರೆ ನಾವೀಗ ‘ಸೋಂಕು ತಗುಲಿತು’ ಎನ್ನುತ್ತೇವೆ. ಹಳೆಗನ್ನಡದ ಕಿವಿಗೆ ಅದು ‘ಮುಟ್ಟುವಿಕೆ ಮುಟ್ಟಿತು’ ಎಂದ ಹಾಗೆ.

ಕ್ರಿಯೆ ವಸ್ತುವಾಗುವಾಗ ಕಳೆದುಕೊಳ್ಳುವುದು ಕಾಲವನ್ನು. ‘ಸೋಕಿತು’, ‘ಸೋಕಿದೆ’, ‘ಸೋಕಿತ್ತು’ ಎಂಬ ಮೂರರಲ್ಲಿ ಮೂರು ಬೇರೆ ಸಂಗತಿಗಳಿವೆ. ‘ಸೋಂಕು’ ಎಂಬುದರಲ್ಲಿ ಯಾವ ಸಂಗತಿಯೂ ಇಲ್ಲ.

ಪದ ವೈದ್ಯರ ಕೈಸೇರುವ ಹೊತ್ತಿಗೆ ಅದಕ್ಕೆ ಪೈಪೋಟಿಯೂ ಇತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಕಾಲದ ಜನ ‘ಅಂಟುಜಾಡ್ಯ’ ಎನ್ನುತ್ತಿದ್ದರು. ಸರ್ಕಾರಿ ಕಾಗದದಲ್ಲಿ ‘ಸಾಂಕ್ರಾಮಿಕ’ ಕೂತಿತು. 2020ರಲ್ಲೂ ಮೊದಲು ಕೈಗೆತ್ತಿಕೊಂಡದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ. ಕೊಡಗಿನವರಿಗೆ ‘ಸಾಂಕ್ರಾಮಿಕ’ದ ಇನ್ನೊಂದು ಕವಲು ಚೆನ್ನಾಗಿ ಗೊತ್ತು. ಅಕ್ಟೋಬರ್‌ನಲ್ಲಿ ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವುದು ತುಲಾ ಸಂಕ್ರಮಣದಂದು. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟಿದರೆ ಸಂಕ್ರಮಣ. ರೋಗ ಒಂದು ಮೈಯಿಂದ ಇನ್ನೊಂದಕ್ಕೆ ದಾಟಿದರೆ ಸಾಂಕ್ರಾಮಿಕ. ಎರಡರ ಧಾತುವೂ ಒಂದೇ. ಪಂಚಾಂಗದವರು ಮಾತ್ರ ದಾಟುವ ಗಳಿಗೆಯನ್ನು ನಿಮಿಷದ ಲೆಕ್ಕದಲ್ಲಿ ಹೇಳುವುದನ್ನು ಬಿಡಲಿಲ್ಲ.

ಶಂಕಿತನಿಂದ ಸೋಂಕಿತನವರೆಗೆ

ಸೋಂಕಿನ ಇತ್ತೀಚಿನ ಮಗ ‘ಸೋಂಕಿತ’. ಕನ್ನಡದ ಧಾತುವಿಗೆ ಸಂಸ್ಕೃತದ ‘ಇತ’ ಹಚ್ಚಿ ಮಾಡಿದ ಪದ ಇದು. ಪೀಡಿತ, ಬಾಧಿತ, ಲಿಖಿತಗಳ ಅಚ್ಚಿನಲ್ಲಿ ಎರಕ ಹೊಯ್ದದ್ದು. ಕನ್ನಡ-ಸಂಸ್ಕೃತ ಬೆರೆತ ಸಮಾಸಗಳನ್ನು ‘ಅರಿಸಮಾಸ’ ಎಂದು ಕರೆದ ಹಳೆಗನ್ನಡದ ವ್ಯಾಕರಣಕಾರ ಕೇಶಿರಾಜ ಇದನ್ನು ಕಂಡಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದನೇನೋ. (ಅವನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದವರೂ ಕಿಟೆಲ್ ಅವರೇ.) ಆದರೆ ಪತ್ರಕರ್ತರಿಗೆ ಬೇರೆ ದಾರಿ ಇರಲಿಲ್ಲ. ‘ಸೋಂಕಿದವರು’ ಎಂದರೆ ಮುಟ್ಟಿದವರು ಎಂದಾಗುತ್ತದೆ. ಬೇಕಾಗಿದ್ದುದು ಮುಟ್ಟಿಸಿಕೊಂಡವರಿಗೆ ಒಂದು ಹೆಸರು.

ಆ ಹೆಸರು ಮನೆಮಾತಾದದ್ದು ಎಚ್‌ಐವಿ ಕಾಲದಲ್ಲಿ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಡಾ. ಸುನೀತಿ ಸಾಲೊಮನ್ ಅವರ ತಂಡದಿಂದ. ಎಚ್‌ಐವಿ ಮೈಯಲ್ಲಿದ್ದೂ ಏಡ್ಸ್ ಕಾಣಿಸಿಕೊಳ್ಳದೆ ವರ್ಷಗಟ್ಟಲೆ ಬದುಕುವವರನ್ನು ‘ಏಡ್ಸ್ ರೋಗಿ’ ಎನ್ನುವುದು ತಪ್ಪು. ಆ ತಪ್ಪನ್ನು ಸರಿಪಡಿಸುವ ಮರ್ಯಾದೆಯ ಪದವಾಗಿ ‘ಎಚ್‌ಐವಿ ಸೋಂಕಿತರು’ ಬಂತು. ಪರೀಕ್ಷೆಯೂ ಅದಕ್ಕೆ ತಕ್ಕ ಎಚ್ಚರದಲ್ಲಿ ನಡೆಯುತ್ತಿತ್ತು, ಈಗಲೂ ನಡೆಯುತ್ತದೆ. ಸರ್ಕಾರಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ (ಐಸಿಟಿಸಿ) ರೋಗಲಕ್ಷಣವಿಲ್ಲದವರನ್ನು ಪಾಸಿಟಿವ್ ಎಂದು ಹೇಳಬೇಕಾದರೆ ಮೂರು ಬೇರೆ ಬೇರೆ ಕಿಟ್‌ಗಳು ಒಂದೇ ಮಾತು ಹೇಳಬೇಕು. ಸೋಂಕು ತಾಗಿದ ಮೊದಲ ವಾರಗಳಲ್ಲಿ ಪ್ರತಿಕಾಯಗಳು ಇನ್ನೂ ಮೂಡದೆ ಪರೀಕ್ಷೆ ನೆಗೆಟಿವ್ ಬರಬಹುದು. ಆ ‘ವಿಂಡೋ ಪೀರಿಯಡ್’ ದಾಟಿದ ಮೇಲೆ ಇನ್ನೊಮ್ಮೆ ಬನ್ನಿ ಎಂದು ಆಪ್ತಸಮಾಲೋಚಕರು ತಿಳಿಹೇಳುತ್ತಾರೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಫಲಿತಾಂಶ ಬಯಲು ಮಾಡಬಾರದು ಎಂದು 2017ರ ಎಚ್‌ಐವಿ-ಏಡ್ಸ್ ಕಾಯ್ದೆಯೇ ಹೇಳುತ್ತದೆ.

ಕೋವಿಡ್ ಬಂದಾಗ ಪದ ಉಳಿಯಿತು, ಎಚ್ಚರ ಉಳಿಯಲಿಲ್ಲ. ಪತ್ರಿಕೆಗಳಲ್ಲಿ ‘ಶಂಕಿತ’ ಮತ್ತು ‘ಸೋಂಕಿತ’ ಪ್ರಾಸದ ಜೋಡಿಯಾದವು. ಬೆಳಗ್ಗೆ ಶಂಕಿತ, ಸಂಜೆ ವರದಿ ಬಂದರೆ ಸೋಂಕಿತ. ಪಕ್ಕದಲ್ಲಿ ಪ್ರಾಥಮಿಕ ಸಂಪರ್ಕಿತರು, ದ್ವಿತೀಯ ಸಂಪರ್ಕಿತರು. ರಾಜ್ಯದ ಆರೋಗ್ಯ ಇಲಾಖೆಯ ಪ್ರಕಟಣೆಯಲ್ಲಿ ಮನುಷ್ಯರಿಗೆ ‘ಪಿ’ ಅಕ್ಷರದ ಮುಂದೆ ಒಂದು ಸಂಖ್ಯೆ. ಮನೆಯ ಗೇಟಿಗೆ ಚೀಟಿ, ರಸ್ತೆಗೆ ಸೀಲ್‌ಡೌನ್‌ನ ಪಟ್ಟಿ. ವಾಸಿಯಾದ ಮೇಲೂ ‘ಅವರು ಪಾಸಿಟಿವ್ ಆದವರು’ ಎಂಬ ಮಾತು ತಿಂಗಳುಗಟ್ಟಲೆ ಬೆನ್ನು ಬಿಡುತ್ತಿರಲಿಲ್ಲ. ಒಂದು ಗಳಿಗೆಯ ಘಟನೆಗೆ ಇದ್ದ ಹೆಸರು ಒಬ್ಬ ಮನುಷ್ಯನ ಗುರುತಾಗಿ ಅಂಟಿಕೊಂಡಿತು.

ಮೂರು ಪರೀಕ್ಷೆ, ಮೂರು ಕಾಲ

ಶಂಕಿತನನ್ನು ಸೋಂಕಿತನಾಗಿಸುತ್ತಿದ್ದ ಪರೀಕ್ಷೆಗಳು ನಿಜಕ್ಕೂ ಏನನ್ನು ಹಿಡಿಯುತ್ತಿದ್ದವು? ಕೊಡಗಿನವರಿಗೆ ಕಾಫಿ ತೋಟಕ್ಕೆ ನುಗ್ಗುವ ಆನೆಯನ್ನು ನೆನಪಿಸಿದರೆ ಸಾಕು. ಆನೆ ಎದುರಿಗೇ ನಿಂತಿದ್ದರೆ ಯಾರ ಕಣ್ಣಿಗೂ ಬೀಳುತ್ತದೆ: ಅದು ಆ್ಯಂಟಿಜೆನ್ ಪರೀಕ್ಷೆ. ಆನೆ ಕಾಣದಿದ್ದರೂ ಒಂದು ಹಿಡಿ ಲದ್ದಿ ಸಿಕ್ಕರೆ ಬಂದದ್ದು ಖಚಿತ, ಆದರೆ ಈಗ ತೋಟದಲ್ಲಿದೆಯೋ ಹೋಗಿಯಾಯಿತೋ ಗೊತ್ತಿಲ್ಲ: ಅದು ಪಿಸಿಆರ್. ತೋಟದವರು ಹೊಸದಾಗಿ ಸೋಲಾರ್ ಬೇಲಿ ಹಾಕಿಸಿದ್ದರೆ ಹಿಂದೆ ಯಾವಾಗಲೋ ಆನೆ ಬಂದಿತ್ತೆಂದು ಊಹಿಸಬಹುದು, ಅಥವಾ ಬರುವ ಮುಂಚೆಯೇ ಎಚ್ಚೆತ್ತಿರಲೂಬಹುದು: ಅದು ಆ್ಯಂಟಿಬಾಡಿ, ಲಸಿಕೆಯಿಂದಲೂ ಹುಟ್ಟುವಂಥದ್ದು.

ಪಿಸಿಆರ್ ವೈರಸ್‌ನ ಆನುವಂಶಿಕ ತುಣುಕನ್ನು ಸುತ್ತು ಸುತ್ತಾಗಿ ಇಮ್ಮಡಿಸುತ್ತಾ ಹೋಗುವ ವಿಧಾನ. ಕ್ಯಾರಿ ಮುಲ್ಲಿಸ್ ಇದನ್ನು 1983ರಲ್ಲಿ ಕಂಡುಕೊಂಡು 1993ರಲ್ಲಿ ನೊಬೆಲ್ ಪಡೆದರು. ಎಷ್ಟನೆಯ ಸುತ್ತಿನಲ್ಲಿ ತುಣುಕು ಕಾಣಿಸಿತು ಎಂಬುದೇ ವರದಿಯ ಮೂಲೆಯಲ್ಲಿರುವ ‘ಸಿಟಿ ಮೌಲ್ಯ’. ಸಂಖ್ಯೆ ಚಿಕ್ಕದಾದಷ್ಟೂ ಮಾದರಿಯಲ್ಲಿ ವೈರಸ್ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 35ರವರೆಗೆ ಪಾಸಿಟಿವ್ ಎಂದು ಗೆರೆ ಎಳೆದಿತ್ತು. ಸೂಕ್ಷ್ಮತೆಯಲ್ಲಿ ಇದನ್ನು ಮೀರಿಸುವ ಪರೀಕ್ಷೆ ಇರಲಿಲ್ಲ. ಆದರೂ ಇದಕ್ಕೆ ಎರಡು ತುದಿಯಲ್ಲೂ ಕುರುಡಿದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಏಳು ಅಧ್ಯಯನಗಳನ್ನು ಕೂಡಿಸಿ ಲೆಕ್ಕ ಹಾಕಿದರು. ರೋಗಲಕ್ಷಣ ಶುರುವಾದ ದಿನವೇ ಮಾದರಿ ಕೊಟ್ಟರೆ ಸೋಂಕಿದ್ದವರಲ್ಲಿ ಸುಮಾರು ಶೇ 38 ಮಂದಿಗೆ ನೆಗೆಟಿವ್ ಬರುತ್ತಿತ್ತು. ಮೂರು ದಿನ ತಡೆದು ಕೊಟ್ಟರೆ ಆ ತಪ್ಪು ಸುಮಾರು ಶೇ 20ಕ್ಕೆ ಇಳಿಯುತ್ತಿತ್ತು. ಯಂತ್ರ ಅದೇ, ಕಿಟ್ ಅದೇ, ಮೂಗೂ ಅದೇ. ಬದಲಾದದ್ದು ದಿನ.

ಇನ್ನೊಂದು ತುದಿಯಲ್ಲಿ ಇದಕ್ಕೆ ತದ್ವಿರುದ್ಧ. ಜ್ವರ ಬಿಟ್ಟು, ಇನ್ನೊಬ್ಬರಿಗೆ ಹರಡುವ ಶಕ್ತಿ ಹೋಗಿ ವಾರಗಳಾದ ಮೇಲೂ ಸತ್ತ ವೈರಸ್‌ನ ಚೂರುಗಳು ಪಿಸಿಆರ್‌ಗೆ ಸಿಗುತ್ತಲೇ ಇರುತ್ತವೆ. ಮೊದಮೊದಲು 24 ಗಂಟೆ ಅಂತರದಲ್ಲಿ ಎರಡು ನೆಗೆಟಿವ್ ಬಂದರೆ ಮಾತ್ರ ಮನೆಗೆ ಕಳುಹಿಸುತ್ತಿದ್ದರು. ಆರಾಮವಾಗಿ ಓಡಾಡಿಕೊಂಡಿದ್ದವರೂ ವರದಿಗಾಗಿ ವಾರ್ಡಿನಲ್ಲಿ ದಿನ ಎಣಿಸುತ್ತಿದ್ದರು. 2020ರ ಮೇ 8ರ ಹೊಸ ನೀತಿ ಇದನ್ನು ಬದಲಿಸಿತು. ಸೌಮ್ಯ ಲಕ್ಷಣದವರನ್ನು, ಲಕ್ಷಣ ಶುರುವಾಗಿ 10 ದಿನ ಕಳೆದಿದ್ದು ಕೊನೆಯ ಮೂರು ದಿನ ಜ್ವರವಿಲ್ಲದಿದ್ದರೆ, ಪರೀಕ್ಷೆ ಇಲ್ಲದೆಯೇ ಬಿಡುಗಡೆ ಮಾಡಬಹುದು ಎಂದಿತು. ಯಂತ್ರಕ್ಕಿಂತ ಕ್ಯಾಲೆಂಡರ್ ನಂಬಿಗಸ್ತ ಎಂದು ಸರ್ಕಾರವೇ ಒಪ್ಪಿಕೊಂಡ ದಿನ ಅದು.

ಕೊಡಗು ಜಿಲ್ಲೆಯಲ್ಲಿ ಆರಂಭಕ್ಕೆ ಪಿಸಿಆರ್ ಸೌಲಭ್ಯ ಇರಲಿಲ್ಲ, ಮಾದರಿಗಳು ಹೊರಗೆ ಹೋಗಬೇಕಿತ್ತು. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ 2020ರಲ್ಲೇ ಪ್ರಯೋಗಾಲಯ ಶುರುವಾದದ್ದು ದೊಡ್ಡ ನೆಮ್ಮದಿ. ಪರೀಕ್ಷೆಯ ಉಪಯೋಗವನ್ನು ನಿರ್ಧರಿಸುವುದು ನಿಖರತೆ ಒಂದೇ ಅಲ್ಲ. ವರದಿ ಬರುವಷ್ಟರಲ್ಲಿ ರೋಗಿ ವಾಸಿಯಾಗಿಬಿಟ್ಟರೆ ಎಷ್ಟು ನಿಖರವಾಗಿದ್ದೂ ಏನು ಬಂತು?

ಆ ತರಾತುರಿಗೆ ಉತ್ತರವಾಗಿ ಬಂದದ್ದು ರ್‍ಯಾಪಿಡ್ ಆ್ಯಂಟಿಜೆನ್ ಕಾರ್ಡು. ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ಅದು. ಮೂಗಿನ ಆಳಕ್ಕೆ ಹೋಗಿ ಬಂದ ಹತ್ತಿಕಡ್ಡಿಯನ್ನು ಪುಟ್ಟ ನಳಿಕೆಯ ದ್ರಾವಣದಲ್ಲಿ ತಿರುವಿ, ಹಿಂಡಿ, ಕಾರ್ಡಿನ ಗುಳಿಗೆ ಮೂರು ಹನಿ ಬಿಡುತ್ತಾರೆ. ನೀರು ಕಾಗದದಗುಂಟ ನಿಧಾನಕ್ಕೆ ಮೇಲೇರುತ್ತದೆ. ‘ಸಿ’ ಅಕ್ಷರದ ಬಳಿ ಗೆರೆ ಮೂಡಲೇಬೇಕು, ಮೂಡದಿದ್ದರೆ ಕಾರ್ಡೇ ಕೆಟ್ಟದ್ದು. ‘ಟಿ’ ಬಳಿ ಮೂಡಿದರೆ ಪಾಸಿಟಿವ್, ಎಷ್ಟೇ ಮಸುಕಾಗಿದ್ದರೂ ಸರಿ. ಓದಬೇಕಾದದ್ದು 15ರಿಂದ 30 ನಿಮಿಷದೊಳಗೆ. ಆಮೇಲೆ ಮೂಡುವ ಗೆರೆಗೆ ಬೆಲೆಯಿಲ್ಲ. 2020ರ ಜೂನ್ 14ರಂದು ಐಸಿಎಂಆರ್ ಮೊದಲ ಕಿಟ್‌ಗೆ ಒಪ್ಪಿಗೆ ಕೊಡುವಾಗಲೇ ಅದರ ಜಾತಕ ಹೇಳಿತ್ತು: ಸೋಂಕಿಲ್ಲದವರನ್ನು ಸೋಂಕಿಲ್ಲವೆಂದು ಹೇಳುವ ಗುಣ ಶೇ 99.3ರಿಂದ 100, ಸೋಂಕಿದ್ದವರನ್ನು ಹಿಡಿಯುವ ಗುಣ ಶೇ 50.6ರಿಂದ 84. ಅಂದರೆ ಗೆರೆ ಮೂಡಿದರೆ ನಂಬಬಹುದು, ಮೂಡದಿದ್ದರೆ ನಂಬಬಾರದು. ಸೋಂಕಿದ್ದ ನೂರು ಜನರಲ್ಲಿ 16ರಿಂದ 49 ಮಂದಿ ಕೈತಪ್ಪುತ್ತಾರೆ. ಹಾಗಾಗಿ ಜ್ವರ, ಕೆಮ್ಮು ಇದ್ದೂ ನೆಗೆಟಿವ್ ಬಂದವರಿಗೆ ಪಿಸಿಆರ್ ಕಡ್ಡಾಯ ಎಂದಿತ್ತು ನಿಯಮ. ಗೆರೆ ಮೂಡದ ಕಾರ್ಡು ಕಂಡು ಸೀದಾ ಮದುವೆ ಮನೆಗೆ ನಡೆದವರು ಆ ಅರ್ಧ ನಿಯಮವನ್ನು ಓದಿರಲಿಲ್ಲ.

ಮಾಕುಟ್ಟದ ಕಾಗದ

‘ಪಾಸಿಟಿವ್’ ಮನುಷ್ಯನ ಗುರುತಾದ ಹಾಗೆ ‘ನೆಗೆಟಿವ್’ ರಹದಾರಿಯಾಯಿತು. 2020ರ ಮಾರ್ಚ್‌ನಲ್ಲಿ ಕೊಡಗಿನ ಗಡಿಯ ಮಾಕುಟ್ಟದ ಬಳಿ ಕೇರಳದ ದಾರಿಗೆ ಮಣ್ಣು ಸುರಿದು ಮುಚ್ಚಿದ್ದರು. ಅದೇ ಹೊತ್ತಿಗೆ ದಕ್ಷಿಣ ಕನ್ನಡದ ಗಡಿಯ ತಲಪಾಡಿಯಲ್ಲಿ ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ನಿಂತರು. ಪ್ರಕರಣ ನ್ಯಾಯಾಲಯ ಹತ್ತಿತು. ಮರುವರ್ಷ ಫೆಬ್ರುವರಿಯಲ್ಲಿ ಮಣ್ಣಿನ ಜಾಗಕ್ಕೆ ಕಾಗದ ಬಂತು: ಕೇರಳದಿಂದ ಬರುವವರ ಬಳಿ 72 ಗಂಟೆಗಿಂತ ಹಳತಲ್ಲದ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ಇರಬೇಕು. ಕುಟ್ಟ, ಮಾಕುಟ್ಟ ಗಡಿಗಳ ಎರಡೂ ಕಡೆ ತೋಟ, ಅಂಗಡಿ, ನೆಂಟಸ್ತಿಕೆ ಇಟ್ಟುಕೊಂಡವರಿಗೆ ಮೂರು ದಿನಕ್ಕೊಮ್ಮೆ ಮೂಗು ಒಡ್ಡುವುದೇ ಒಂದು ಕಸುಬಾಯಿತು.

ಆ ಕಾಗದಕ್ಕೆ ಬೆಲೆ ಇರಲಿಲ್ಲವೆಂದಲ್ಲ. ಬರುವವರಲ್ಲಿ ಸೋಂಕಿದ್ದ ಎಷ್ಟೋ ಜನರನ್ನು ಅದು ಹೊರಡುವ ಮುನ್ನವೇ ಹಿಡಿಯುತ್ತಿತ್ತು. ಆದರೆ ಅದು ಹೇಳುತ್ತಿದ್ದುದು ಕಳೆದ ಸಂಗತಿ. ಸೋಮವಾರ ಮಾದರಿ ಕೊಟ್ಟವರಿಗೆ ಮಂಗಳವಾರ ಸೋಕಿದ್ದರೆ ಗುರುವಾರ ಚೆಕ್‌ಪೋಸ್ಟ್ ದಾಟುವ ಕಾಗದ ಸುಳ್ಳಲ್ಲ, ಹಳತು. ಆಡುಮಾತಿನ ‘ನೆಗೆಟಿವ್ ಇದೆ’ ಎಂಬ ವರ್ತಮಾನ ಕಾಲ ಅಲ್ಲಿ ಜಾರಿಬಿದ್ದಿತು. ಸರಿಯಾಗಿ ಹೇಳಬೇಕಾದದ್ದು ‘ಸೋಮವಾರ ಸಿಕ್ಕಿರಲಿಲ್ಲ’ ಎಂದು.

ಊರಿಗೆ ಊರನ್ನೇ ಅಳೆಯಲು ಬಳಸಿದ ‘ಪಾಸಿಟಿವಿಟಿ ದರ’ದ ಪಾಡೂ ಇಷ್ಟೇ. 2021ರ ಜೂನ್ 14ರಿಂದ ರಾಜ್ಯದಲ್ಲಿ ಲಾಕ್‌ಡೌನ್ ಸಡಿಲವಾದಾಗ ದರ ಇಳಿಯದ 11 ಜಿಲ್ಲೆಗಳಿಗೆ ಆ ಸಡಿಲಿಕೆ ಸಿಗಲಿಲ್ಲ, ಅವುಗಳಲ್ಲಿ ಕೊಡಗೂ ಒಂದು. ಜ್ವರ ಬಂದವರನ್ನೇ ಪರೀಕ್ಷಿಸಿದರೆ ದರ ಏರುತ್ತದೆ, ಬೀದಿಯಲ್ಲಿ ಹೋಗುವವರನ್ನೆಲ್ಲ ಪರೀಕ್ಷಿಸಿದರೆ ಇಳಿಯುತ್ತದೆ. ಯಾರನ್ನು ಪರೀಕ್ಷಿಸಿದೆವು ಎಂದು ಹೇಳದೆ ದರ ಮಾತ್ರ ಹೇಳಿದರೆ ಅದು ಅರ್ಧ ವಾಕ್ಯ.

ಕವಚದ ಲೆಕ್ಕ

ಇನ್ನು ಉಳಿದದ್ದು ಆ್ಯಂಟಿಬಾಡಿ, ಕನ್ನಡದಲ್ಲಿ ‘ಪ್ರತಿಕಾಯ’. ಇದರ ಭಾರತೀಯ ಕಥೆ ಮುಗ್ಗರಿಸಿಯೇ ಶುರುವಾಯಿತು. 2020ರ ಏಪ್ರಿಲ್‌ನಲ್ಲಿ ಚೀನಾದಿಂದ ತರಿಸಿದ ರ್‍ಯಾಪಿಡ್ ಆ್ಯಂಟಿಬಾಡಿ ಕಿಟ್‌ಗಳು ಶೇ 5.4ರಷ್ಟು ಮಾತ್ರ ಸರಿ ಹೇಳುತ್ತಿವೆ ಎಂದು ರಾಜಸ್ಥಾನ ದೂರಿತು. ಐಸಿಎಂಆರ್ ಮೊದಲು ಎರಡು ದಿನ ಬಳಕೆ ನಿಲ್ಲಿಸಿ ಎಂದಿತು, ಅದೇ ತಿಂಗಳ 27ರಂದು ಕಿಟ್‌ಗಳನ್ನು ಹಿಂದಿರುಗಿಸಿ ಎಂದಿತು. ಕಿಟ್ ಕಳಪೆ ಎಂಬುದು ಒಂದು ಮಾತು. ಅದಕ್ಕಿಂತ ದೊಡ್ಡದು ಎಂಥ ಕಿಟ್ಟೂ ಮೀರಲಾಗದ ಮಾತು: ಐಜಿಜಿ ಎಂಬ ಬಗೆಯ ಪ್ರತಿಕಾಯ ಕೈಗೆ ಸಿಗುವಷ್ಟು ಮೂಡಲು ಸಾಮಾನ್ಯವಾಗಿ ಎರಡು ವಾರ ಬೇಕು. ಇವತ್ತು ಹರಡುತ್ತಿರುವವರನ್ನು ಹುಡುಕಲು ಎರಡು ವಾರದ ಹಿಂದಿನ ಸುದ್ದಿಯನ್ನು ಕೇಳಿದರೆ ಉಪಯೋಗವಿಲ್ಲ.

ಪ್ರತಿಕಾಯದ ನಿಜವಾದ ಉಪಯೋಗ ‘ಸೋಕಿತ್ತೇ?’ ಎಂಬ ಪ್ರಶ್ನೆಗೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ರೂಪಿಸಿದ, ಎಲೈಸಾ ಎಂಬ ಪ್ರಯೋಗಾಲಯ ವಿಧಾನದ ಕಿಟ್‌ಗೆ ‘ಕೋವಿಡ್ ಕವಚ್’ ಎಂದೇ ಹೆಸರಿಟ್ಟರು. ಸೋಕಿದ್ದವರನ್ನು ಹಿಡಿಯುವ ಗುಣ ಶೇ 92.37, ಸೋಕದವರನ್ನು ಬಿಡುವ ಗುಣ ಶೇ 97.9. ಓದಲು ಚೆನ್ನಾಗಿದೆ. ಈಗ ಸಾವಿರ ಜನರ ಒಂದು ಊರಿಗೆ ಒಯ್ಯೋಣ. ಅಲ್ಲಿ ನೂರಕ್ಕೆ ಒಬ್ಬರಿಗೆ ಮಾತ್ರ ಸೋಕಿತ್ತು ಎಂದುಕೊಳ್ಳಿ. ಆ ಹತ್ತು ಜನರಲ್ಲಿ ಒಂಬತ್ತು ಮಂದಿಯನ್ನು ಕಿಟ್ ಹಿಡಿಯುತ್ತದೆ. ಸೋಕದ 990 ಜನರಲ್ಲಿ ಶೇ 2.1ರಷ್ಟು, ಅಂದರೆ 21 ಮಂದಿಗೆ, ಸುಮ್ಮಸುಮ್ಮನೆ ಪಾಸಿಟಿವ್ ಎನ್ನುತ್ತದೆ. ಒಟ್ಟು 30 ಪಾಸಿಟಿವ್, ಅದರಲ್ಲಿ 21 ಸುಳ್ಳು. ಅದೇ ಕಿಟ್ಟನ್ನು ನೂರಕ್ಕೆ 27 ಜನರಿಗೆ ಸೋಕಿದ್ದ ಊರಿಗೆ ಒಯ್ದರೆ 264 ಪಾಸಿಟಿವ್‌ಗಳಲ್ಲಿ ಸುಳ್ಳು 15 ಮಾತ್ರ. ಕಿಟ್ಟಿನ ನಿಖರತೆ ಕಿಟ್ಟಿನ ಪೆಟ್ಟಿಗೆಯ ಮೇಲೆ ಪೂರ್ತಿ ಬರೆದಿರುವುದಿಲ್ಲ. ಅರ್ಧ ಪೆಟ್ಟಿಗೆಯ ಮೇಲಿದೆ, ಅರ್ಧ ಊರಿನಲ್ಲಿದೆ.

27 ಎಂಬ ಸಂಖ್ಯೆ ಕೈಗೆ ಬಂದದ್ದಲ್ಲ. 2020ರ ಸೆಪ್ಟೆಂಬರ್ 3ರಿಂದ 16ರವರೆಗೆ ಕರ್ನಾಟಕದ ಆಗಿನ 30 ಜಿಲ್ಲೆಗಳಲ್ಲೂ ಸಿರೊ ಸಮೀಕ್ಷೆ ನಡೆಯಿತು. ಮೂಗು, ಗಂಟಲಿನ ಮಾದರಿಯನ್ನೂ ರಕ್ತವನ್ನೂ ಒಟ್ಟಿಗೆ ಪಡೆದು ‘ಸೋಕಿದೆ’ ಮತ್ತು ‘ಸೋಕಿತ್ತು’ ಎರಡನ್ನೂ ಅಳೆದ ಸಮೀಕ್ಷೆ ಅದು. ಪ್ರತಿಕಾಯ ಇದ್ದವರು ಶೇ 16.4. ಆಗ ಸೋಂಕಿದ್ದವರನ್ನೂ ಸೇರಿಸಿದರೆ ಶೇ 27.3. ಅಂದಾಜು 7.07 ಕೋಟಿ ಜನರಲ್ಲಿ 1.93 ಕೋಟಿ. ಪಟ್ಟಿಯಲ್ಲಿ ದಾಖಲಾದ ಒಬ್ಬರಿಗೆ ಸುಮಾರು 40 ಮಂದಿಗೆ ಸೋಕಿತ್ತು. ದಿನನಿತ್ಯದ ‘ಸೋಂಕು ದೃಢ’ದ ಹಿಂದೆ ದೃಢವಾಗದ ಅಷ್ಟು ದೊಡ್ಡ ಜನರಾಶಿ ಇತ್ತೆಂಬುದನ್ನು ತೋರಿಸಿದ್ದು ಒಬ್ಬೊಬ್ಬ ವ್ಯಕ್ತಿಯ ವಿಷಯದಲ್ಲಿ ಅಷ್ಟಾಗಿ ಕೆಲಸಕ್ಕೆ ಬಾರದ ಇದೇ ಆ್ಯಂಟಿಬಾಡಿ ಪರೀಕ್ಷೆ. ಲಸಿಕೆ ಬಂದ ಮೇಲೆ ಈ ಓದು ಮತ್ತೆ ಕಷ್ಟವಾಯಿತು. ಕೋವಿಶೀಲ್ಡ್ ಮೂಡಿಸುವುದು ವೈರಸ್‌ನ ಮುಳ್ಳಿನ ವಿರುದ್ಧದ ಪ್ರತಿಕಾಯ ಮಾತ್ರ. ಇಡೀ ವೈರಸ್ಸನ್ನೇ ನಿಷ್ಕ್ರಿಯಗೊಳಿಸಿ ಮಾಡಿದ ಕೋವ್ಯಾಕ್ಸಿನ್ ಪಡೆದವರಲ್ಲಿ ಲಸಿಕೆ ಸೋಕಿದ್ದೋ ವೈರಸ್ ಸೋಕಿದ್ದೋ ಬೇರ್ಪಡಿಸುವುದು ಸುಲಭವಲ್ಲ.

ಮಳೆಗಾಲದ ಪಾಠ

ಕೋವಿಡ್ ಮಾತು ಹಳತಾಯಿತೆಂದು ಬಿಡುವ ಹಾಗಿಲ್ಲ. ಮಳೆ ಹಿಡಿದರೆ ಮಲೆನಾಡಿನ ಕ್ಲಿನಿಕ್ಕುಗಳಲ್ಲಿ ಡೆಂಗಿಯ ಕಾರ್ಡು ಹೊರಬರುತ್ತದೆ. ಕರ್ನಾಟಕ ಸರ್ಕಾರ 2024ರ ಜುಲೈನಲ್ಲಿ ಖಾಸಗಿ ಪ್ರಯೋಗಾಲಯಗಳಿಗೆ ದರ ಕಟ್ಟಿತು: ಎನ್‌ಎಸ್1 ಎಲೈಸಾಗೆ 300 ರೂಪಾಯಿ, ಐಜಿಎಂ ಎಲೈಸಾಗೆ 300, ರ್‍ಯಾಪಿಡ್ ಕಾರ್ಡಿಗೆ 250. ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿತು. ಇಲ್ಲಿಯೂ ದಿನವೇ ಯಜಮಾನ. ಜ್ವರದ ಮೊದಲ ಐದು ದಿನ ಎನ್‌ಎಸ್1, ಅಂದರೆ ವೈರಸ್‌ನ ಪ್ರೋಟೀನು. ಐದು ದಿನ ದಾಟಿದರೆ ಐಜಿಎಂ, ಅಂದರೆ ಮೈಯ ಉತ್ತರವಾಗಿ ಮೂಡುವ ಪ್ರತಿಕಾಯ. ಎರಡನೆಯ ದಿನ ಐಜಿಎಂ ಮಾಡಿಸಿ ‘ಡೆಂಗಿ ಇಲ್ಲ’ ಎಂದು ನಿರಾಳವಾದವರು ಹಣ ಕೊಟ್ಟು ತಪ್ಪು ಪ್ರಶ್ನೆ ಕೇಳಿದವರು. ರ್‍ಯಾಪಿಡ್ ಕಾರ್ಡಿನ ಪಾಸಿಟಿವ್ ಸರ್ಕಾರಿ ಲೆಕ್ಕದಲ್ಲಿ ‘ಶಂಕಿತ’ದಾಚೆಗೆ ಹೋಗುವುದಿಲ್ಲ, ‘ದೃಢ’ವಾಗಲು ಎಲೈಸಾ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೂ ಇದೇ ಕ್ರಮ: ಜ್ವರದ ಮೊದಲ ದಿನಗಳಲ್ಲಿ ಪಿಸಿಆರ್, ಆಮೇಲೆ ಐಜಿಎಂ. ಡೆಂಗಿ, ಜಪಾನೀಸ್ ಎನ್ಸೆಫಲೈಟಿಸ್, ಮಂಗನ ಕಾಯಿಲೆ ಮೂರೂ ಒಂದೇ ವೈರಸ್ ಕುಟುಂಬದವು. ಒಂದು ಸೋಕಿದ್ದರ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲಿ ತಲೆಹಾಕುವುದುಂಟು.

ಆದ್ದರಿಂದ ವರದಿ ಕೈಗೆ ಬಂದಾಗ ಕೊನೆಯ ಸಾಲಿಗೆ ಮೊದಲು ಹಾರಬಾರದು. ಯಾವ ಪರೀಕ್ಷೆ, ಮಾದರಿ ತೆಗೆದದ್ದು ಯಾವ ತಾರೀಕು, ಲಕ್ಷಣ ಶುರುವಾದದ್ದು ಎಂದು, ಊರಿನಲ್ಲಿ ಈಗ ಆ ರೋಗ ಎಷ್ಟಿದೆ: ಈ ನಾಲ್ಕನ್ನು ವೈದ್ಯರ ಜತೆ ಕೂತು ಜೋಡಿಸಿದ ಮೇಲೆ ಪಾಸಿಟಿವ್, ನೆಗೆಟಿವ್ ಎಂಬ ಪದಗಳಿಗೆ ಅರ್ಥ ಬರುತ್ತದೆ. ಪತ್ರಿಕೆಯವರಿಗೂ ಒಂದು ಕೋರಿಕೆ ಉಂಟು. ಮುಂದಿನ ಪಿಡುಗು ಬಂದಾಗ ‘ಸೋಂಕು ದೃಢ’ ಎಂದು ಬರೆಯುವ ಮೊದಲು ‘ಯಾವ ಪರೀಕ್ಷೆಯಲ್ಲಿ, ಎಂದು’ ಎಂಬ ಎರಡು ವಿವರ ಸೇರಿಸಲಿ. ವಾಸಿಯಾದವರನ್ನು ‘ಸೋಂಕಿತ’ ಎನ್ನುವುದನ್ನು ನಿಲ್ಲಿಸಿ ‘ಸೋಂಕು ತಾಗಿತ್ತು’ ಎಂದು ಬರೆಯಲಿ. ಅಂಕಣದ ಅಗಲ ಹೆಚ್ಚು ಬೇಡ, ಒಂದು ಭೂತಕಾಲ ಸಾಕು.